ಆರು ಗಂಟೆ ದಾಟದ ಚಹಾಕೂಟ

ಲಂಡನ್ನಿನ ಬರ್ನರ್ಸ್ ಬೀದಿಯಲ್ಲಿ, ಗೋಡೆಗೆ ಅಂಟಿಸುವ ಚಿತ್ರಕಾಗದಗಳಿಗೆ ಪ್ರಖ್ಯಾತವಾಗಿದ್ದ ಸ್ಯಾಂಡರ್ಸನ್ ಕಂಪನಿಯು ತನಗಾಗಿ ಕಟ್ಟಿಸಿಕೊಂಡ ಸೌಧವೊಂದುಂಟು; 2000ನೆಯ ಇಸವಿಯಲ್ಲಿ ಅದು ಅದೇ ಹೆಸರಿನ ಐಷಾರಾಮಿ ಹೋಟೆಲಾಗಿ ರೂಪಾಂತರ ಹೊಂದಿತು. ಪ್ರವಾಸಿಗರಲ್ಲಿ ಅದಕ್ಕೆ ಕೀರ್ತಿಯನ್ನು ತಂದುಕೊಟ್ಟ ವಿಶೇಷಗಳಲ್ಲೊಂದು, ಲೂಯಿಸ್ ಕ್ಯಾರಲ್ಲನ ಕಥೆಯಿಂದ ಎತ್ತಿಕೊಂಡ ಹುಚ್ಚು ಟೋಪಿಗಾರನ ಹೆಸರಿನ ಅಪರಾಹ್ಣದ ಚಹಾಕೂಟ.

ಇಂಗ್ಲೆಂಡಿನ ಸಿರಿವಂತರ ಮನೆಗಳಲ್ಲಿ ರಾತ್ರಿಯ ಭೋಜನವು ಕ್ರಮೇಣ ಎಂಟು ಗಂಟೆಯ ಕಡೆಗೆ ಸರಿದು, ನಡುಹಗಲಿನ ಲಘು ಆಹಾರಕ್ಕೂ ಅದಕ್ಕೂ ಮಧ್ಯೆ ಹಸಿವಿನ ದೀರ್ಘಾಂತರವೊಂದು ಏರ್ಪಟ್ಟಾಗ, ಬೆಡ್‌ಫರ್ಡಿನ ಏಳನೆಯ ಡಚೆಸ್ ಆನಾ ಮರಿಯಾ ತನ್ನ ಕೊಠಡಿಗೆ ಚಹಾವನ್ನೂ ಒಂದಿಷ್ಟು ತಿನಿಸನ್ನೂ ತರಿಸಿಕೊಳ್ಳತೊಡಗಿದಳೆಂದೂ, 1840ರ ಸುಮಾರಿನ ಆ ಅಭ್ಯಾಸವೇ ಈ ಪದ್ಧತಿಗೆ ಮೂಲವೆಂದೂ ಹೇಳುವುದು ವಾಡಿಕೆ. ಹಸಿದವರು ಅದಕ್ಕೆ ಮೊದಲೂ ಏನನ್ನಾದರೂ ತಿಂದಿದ್ದಾರು. ಆದರೆ ಹಸಿದವಳು ವಿಕ್ಟೋರಿಯಾ ರಾಣಿಯ ಅಂತಃಪುರದ ಪರಿವಾರಕ್ಕೆ ಸೇರಿದ್ದವಳಾದರೆ ಹಸಿವೂ ಶಿಷ್ಟಾಚಾರವಾಗುತ್ತದೆ. ಮುಂದೆ ಅದಕ್ಕೆ ವಿಧಿನಿಯಮಗಳೆಲ್ಲ ಬೆಳೆದು, ಮೂರಂತಸ್ತಿನ ತಟ್ಟೆಯ ಕೆಳಗಡೆ ಅಂಚು ಕತ್ತರಿಸಿದ ಬೆರಳುದ್ದದ ಸೌತೆಕಾಯಿ ಸ್ಯಾಂಡ್‌ವಿಚ್ಚು, ನಡುವೆ ಸ್ಕೋನು, ಮೇಲೆ ಕೇಕು ಎಂಬ ಕ್ರಮವು ಸ್ಥಿರಪಟ್ಟಿತು. ಸ್ಕೋನಿನ ಮೇಲೆ ಮೊದಲು ಕೆನೆಯನ್ನು ಸವರಬೇಕೆಂದು ಡೆವನ್ನಿನವರೂ, ಮೊದಲು ಜಾಮನ್ನೆಂದು ಕಾರ್ನ್‌ವಾಲಿನವರೂ ಇಂದಿಗೂ ವಾದಿಸುತ್ತಾರೆ. ಬಾಯಿಯೊಳಗೆ ಎರಡೂ ಒಂದೇ ಆಗುವುದರಿಂದ ಈ ವ್ಯಾಜ್ಯದಲ್ಲಿ ನಾವು ತೀರ್ಪು ಕೊಡಬೇಕಾಗಿಲ್ಲ.

ಈ ಶಿಷ್ಟಾಚಾರವನ್ನೆಲ್ಲ ತಲೆಕೆಳಗು ಮಾಡಿ ನಕ್ಕವನು ಆಕ್ಸ್‌ಫರ್ಡಿನಲ್ಲಿ ಗಣಿತವನ್ನು ಬೋಧಿಸುತ್ತಿದ್ದ ಚಾರ್ಲ್ಸ್ ಡಾಡ್ಜ್‌ಸನ್. 1862ರ ಜುಲೈ 4ರಂದು ಲಿಡ್ಡೆಲ್ ಮನೆತನದ ಮೂವರು ಬಾಲಿಕೆಯರೊಡನೆ ಥೇಮ್ಸಿನಲ್ಲಿ ದೋಣಿವಿಹಾರ ಮಾಡುವಾಗ ಅವನು ಹೇಳಿದ ಕಥೆಯು ಕ್ಯಾರಲ್ ಎಂಬ ಕಾವ್ಯನಾಮದಲ್ಲಿ 1865ರಲ್ಲಿ ಗ್ರಂಥವಾಯಿತು, ನಮ್ಮಲ್ಲಿ ನಾ. ಕಸ್ತೂರಿಯವರು ಅದನ್ನು ‘ಪಾತಾಳದಲ್ಲಿ ಪಾಪಚ್ಚಿ’ಯನ್ನಾಗಿಸಿ ಕನ್ನಡದ ಮಕ್ಕಳ ಕೈಗಿತ್ತರು. ಅಲ್ಲಿಯ ಚಹಾಕೂಟದಲ್ಲಿ ಮೇಜು ವಿಶಾಲವಾಗಿದ್ದರೂ ಬಂದ ಕಥಾನಾಯಕಿಗೆ ಸ್ಥಳವಿಲ್ಲವೆಂದು ಕೂಗುತ್ತಾರೆ, ಇಲ್ಲದ ದ್ರಾಕ್ಷಾರಸವನ್ನು ಕುಡಿಯೆಂದು ಉಪಚರಿಸುತ್ತಾರೆ, ಉತ್ತರವಿಲ್ಲದ ಒಗಟನ್ನು ಕೇಳುತ್ತಾರೆ. ಕಾಲಪುರುಷನೊಡನೆ ಟೋಪಿಗಾರನಿಗೆ ಮನಸ್ತಾಪವಾಗಿರುವುದರಿಂದ ಅವನ ಪಾಲಿಗೆ ಸದಾ ಸಂಜೆಯ ಆರು ಗಂಟೆ, ಅಂದರೆ ಸದಾ ಚಹಾದ ಹೊತ್ತು. ಬಟ್ಟಲು ತೊಳೆಯಲು ಬಿಡುವೇ ಇಲ್ಲ. ಆದಕಾರಣ ಒಂದು ಬಟ್ಟಲು ಮುಗಿದೊಡನೆ ಎಲ್ಲರೂ ಒಂದೊಂದು ಆಸನ ಮುಂದಕ್ಕೆ ಸರಿಯುತ್ತಾರೆ, ಶುಭ್ರವಾದ ಬಟ್ಟಲು ಮಾತ್ರ ಯಾವಾಗಲೂ ಟೋಪಿಗಾರನಿಗೇ ದೊರೆಯುತ್ತದೆ.

ಸ್ಯಾಂಡರ್ಸನ್ನಿನವರು ಈ ಉಚ್ಛೃಂಖಲತೆಗೆ ಒಪ್ಪವಾದ ವೇಷ ತೊಡಿಸಿದ್ದಾರೆ. ತಿನಿಸುಗಳ ಪಟ್ಟಿಯು ಹಳೆಯ ಪುಸ್ತಕದ ಒಡಲಲ್ಲಿ ಅಡಗಿ ಬರುತ್ತದೆ. ಚಹಾಪಾತ್ರೆಗಳ ಮೇಲೆ ರಾಜರಾಣಿಯರು, ತಟ್ಟೆಗಳ ಮೇಲೆ ಜೀಬ್ರಾ, ಪಂಜರ, ಗಡಿಯಾರಗಳು. ಸಕ್ಕರೆಯ ಪೆಟ್ಟಿಗೆಯನ್ನು ತೆರೆದರೆ ಸಂಗೀತ. ಕಥೆಯಲ್ಲಿ ಕುಡಿದವಳನ್ನು ಕುಗ್ಗಿಸಿದ ಪುಟ್ಟ ಸೀಸೆಯೂ ಬರುತ್ತದೆ, ಕುಡಿದವರು ಮಾತ್ರ ಇದ್ದಷ್ಟೇ ಇರುತ್ತಾರೆ. ಇವೆಲ್ಲವೂ ಮನೋಹರ. ಆದರೆ ಗ್ರಂಥಕರ್ತನು ಯಾವ ಉಪಚಾರವಿಧಿಯನ್ನು ಪರಿಹಾಸ ಮಾಡಿದನೋ ಅದೇ ವಿಧಿಯು ಆ ಪರಿಹಾಸವನ್ನೇ ಅಲಂಕಾರವಾಗಿ ಧರಿಸಿ, ಬೆಲೆ ಕಟ್ಟಿ, ಮೇಜಿಗೆ ಬಂದಿರುವುದನ್ನು ಕಂಡಾಗ ಇಂಗ್ಲಿಷರ ಜಾಣ್ಮೆಗೆ ತಲೆದೂಗಬೇಕಾಗುತ್ತದೆ. ಒಂದನ್ನು ಮಾತ್ರ ಅವರು ಕಥೆಯಿಂದ ತರಲಿಲ್ಲ, ಅದು ಆ ನಿಂತ ಕಾಲ. ಲಂಡನ್ನಿನ ಇಂಥ ಹೋಟೆಲುಗಳಲ್ಲಿ ಒಂದು ಮೇಜು ಸಾಮಾನ್ಯವಾಗಿ ಒಂದೂವರೆ ಗಂಟೆಯಿಂದ ಎರಡು ಗಂಟೆಯವರೆಗೆ ಮಾತ್ರ ನಮ್ಮದು. ಬಳಿಕ ಮುಂದಿನ ಪಂಕ್ತಿ. 1906ರಲ್ಲಿ ತೆರೆದ ರಿಟ್ಜ್ ಹೋಟೆಲಿನಲ್ಲಂತೂ ಅಪರಾಹ್ಣದ ಚಹಾದ ಮೊದಲ ಪಂಕ್ತಿ ಬೆಳಗಿನ 11.30ಕ್ಕೆ, ಕೊನೆಯದು ರಾತ್ರಿ 7.30ಕ್ಕೆ!

ಹೀಗೆ ಒಂದು ಕಥೆಯನ್ನೋ ಕಲೆಯನ್ನೋ ಆಧರಿಸಿ ಚಹಾಕೂಟವನ್ನು ರಚಿಸುವುದು ಅಲ್ಲಿಯ ಹೋಟೆಲುಗಳಿಗೆ ಈಗ ದೊಡ್ಡ ಉದ್ಯಮವೇ ಆಗಿದೆ. ನೈಟ್ಸ್‌ಬ್ರಿಜ್ಜಿನ ಬರ್ಕ್‌ಲಿ ಹೋಟೆಲಿನಲ್ಲಿ ಉಡುಪಿನ ಫ್ಯಾಷನ್ನಿಗೆ ಅನುಸಾರವಾಗಿ ಕೈಚೀಲ, ಪಾದರಕ್ಷೆ, ನಿಲುವಂಗಿಗಳ ಆಕಾರದ ಬಿಸ್ಕತ್ತು, ಕೇಕುಗಳನ್ನು ಮಾಡುತ್ತಾರೆ. ಆರು ತಿಂಗಳಿಗೊಮ್ಮೆ ಪಟ್ಟಿ ಬದಲಾಗುತ್ತದೆ. ಮಿಠಾಯಿಗಾರರ ಹಸ್ತಕೌಶಲವು ನಿಸ್ಸಂದೇಹವಾಗಿ ಅಲ್ಲಿಯೇ ಹಿರಿದು. ಆದರೂ ಪಾದರಕ್ಷೆಗೂ ಚಹಾಕ್ಕೂ ಏನು ನಂಟು? ಟೋಪಿಗಾರನಾದರೋ ಚಹಾದ ಮೇಜಿನ ಮುಂದೆಯೇ ಹುಟ್ಟಿದವನು.

ಸ್ಯಾಂಡರ್ಸನ್ನಿಗೆ ಹೋಗುವ ಮನಸ್ಸುಳ್ಳವರು ಆಸನವನ್ನು ಮುಂಗಡವಾಗಿ ಕಾದಿರಿಸುವುದು ಕ್ಷೇಮ. ಸಸ್ಯಾಹಾರಿಗಳಿಗೆ ಬೇರೆ ತಟ್ಟೆ ದೊರೆಯುವುದುಂಟು. ಆದರೆ ಅಲ್ಲಿಯ ಸಸ್ಯಾಹಾರದಲ್ಲಿ ಮೊಟ್ಟೆಗೆ ನಿಷೇಧವಿಲ್ಲ, ಸ್ಪಂಜ್ ಕೇಕಿನಿಂದ ಮ್ಯಾಕರೂನಿನವರೆಗೆ ಅದರದೇ ಆಧಿಪತ್ಯ. ಮೊಟ್ಟೆಯನ್ನು ವರ್ಜಿಸುವವರು ಆಸನ ಕಾದಿರಿಸುವಾಗಲೇ ಆ ಮಾತನ್ನು ಸ್ಪಷ್ಟವಾಗಿ ತಿಳಿಸತಕ್ಕದ್ದು. ಇಲ್ಲವಾದರೆ ಅವರ ಪಾಲಿಗೆ ಸೌತೆಕಾಯಿಯ ಸ್ಯಾಂಡ್‌ವಿಚ್ಚೂ ಆ ಪುಟ್ಟ ಸೀಸೆಯೂ ಮಾತ್ರ ಉಳಿದಾವು.