ನಿಮಗಿದು ಗೊತ್ತೆ?: ಬೋಟಿನ ಮೋಟಾರು ಕೆಮ್ಮುವುದೇಕೆ

ಬಳಗಾನೂರು ಸೀಮೆಯವರು ಮೋಟಾರು ಬೋಟು ನೋಡುವುದು ಹೆಚ್ಚಾಗಿ ನೆರೆ ಬಂದಾಗಲೇ. ನಾರಾಯಣಪುರ ಜಲಾಶಯದಿಂದ ನೀರು ಬಿಟ್ಟಾಗ ಲಿಂಗಸುಗೂರು ತಾಲ್ಲೂಕಿನ ಕರಕಲಗಡ್ಡಿ, ಮ್ಯಾದರಗಡ್ಡಿಯಂಥ ಕೃಷ್ಣೆಯ ನಡುಗಡ್ಡೆಗಳ ಜನರಿಗೆ ಬೋಟೇ ಆಸರೆ.

ಬೋಟಿನ ಹಿಂಬದಿಗೆ ಸಿಕ್ಕಿಸುವ ಔಟ್‌ಬೋರ್ಡ್ ಮೋಟಾರಿಗೆ ಕಾರಿನಂತೆ ರೇಡಿಯೇಟರ್ ಇಲ್ಲ. ನದಿಯ ನೀರನ್ನೇ ಹೀರಿ ತಂಪಾಗುತ್ತದೆ. ಚಾಲೂ ಆದೊಡನೆ ಹಿಂದಿನಿಂದ ಸಣ್ಣ ನೀರಿನ ಧಾರೆ ಚಿಮ್ಮಬೇಕು. ಧಾರೆ ಸೊರಗಿದರೆ ಹೂಳೋ ಕಳೆಯೋ ಸಿಕ್ಕಿರಬಹುದು, ಕೂಡಲೇ ಆಫ್ ಮಾಡಬೇಕು. ಹೊಸ ಮಾದರಿಗಳಲ್ಲಿ ಕಾವು ಏರಿದರೆ ಸೆನ್ಸರ್ ಸೂಚನೆಯಿಂದ ವೇಗ ತಾನೇ ತಗ್ಗುತ್ತದೆ. ಧಾರೆ ಸರಿಯಿದ್ದೂ ವೇಗ ತಗ್ಗಿದರೆ, ಸೆನ್ಸರೇ ಕೆಟ್ಟಿದೆ ಎಂದು ಬದಲಿಸಲು ಹೊರಡಬೇಡಿ. ಮೊದಲು ಬ್ಯಾಟರಿ ಟರ್ಮಿನಲ್, ಅರ್ಥಿಂಗ್ ವೈರು ನೋಡಿ. ವೋಲ್ಟೇಜ್ ಕುಸಿದರೆ ಒಳ್ಳೆಯ ಸೆನ್ಸರೂ ತಪ್ಪು ಲೆಕ್ಕ ಕೊಡುತ್ತದೆ.

ಸ್ವಲ್ಪ ಹೊತ್ತು ಓಡಿ ಕೆಮ್ಮಿ ನಿಂತಿತೆ? ಪೆಟ್ರೋಲ್ ಟ್ಯಾಂಕಿನ ಮುಚ್ಚಳದ ಮೇಲಿನ ಗಾಳಿ ಸ್ಕ್ರೂ ಸಡಿಲಿಸಿದ್ದೀರಾ ನೋಡಿ. ಗಾಳಿ ಒಳಹೋಗದಿದ್ದರೆ ಪೆಟ್ರೋಲ್ ಹರಿಯದು; ಪೈಪಿನ ನಡುವಿನ ರಬ್ಬರ್ ಬಲ್ಬು ಚಪ್ಪಟೆಯಾಗಿರುತ್ತದೆ. ಎಷ್ಟೋ ಸಲ ಇಷ್ಟೇ ದೋಷ!

ಈಗಿನ ಪೆಟ್ರೋಲಿನಲ್ಲಿ ಶೇ 20ರವರೆಗೆ ಎಥೆನಾಲ್ ಇದ್ದು, ಅದು ತೇವ ಹೀರುತ್ತದೆ. ಕಳೆದ ವರ್ಷ ಉಳಿದದ್ದನ್ನೇ ಈ ನೆರೆಗೂ ಬಳಸಬೇಡಿ. ಮಳೆಗಾಲಕ್ಕೆ ಮುನ್ನ ಟ್ಯಾಂಕ್ ಖಾಲಿ ಮಾಡಿ ಹೊಸ ಪೆಟ್ರೋಲ್ ತುಂಬಿಸಿ.