ಅಣ್ಣನ ರಕ್ತ ತಮ್ಮನಿಗೆ ಯಾಕೆ ಹೊಂದಲಿಲ್ಲ?

ಇವತ್ತಿನ ಮಾತು ಶುರುವಾಗೋದು ಮಸ್ಕತ್‌ನಿಂದ ಬಂದ ಒಂದು ವಾಯ್ಸ್ ಮೆಸೇಜಿನಿಂದ. ಕಳಿಸಿದ ಕೇಳುಗರು ಹೆಸರು ಹೇಳೋದು ಬೇಡ ಅಂದಿದ್ದಾರೆ. ಊರಲ್ಲಿರುವ ಅವರ ತಮ್ಮನಿಗೆ ಅಕ್ಯೂಟ್ ಮೈಲಾಯ್ಡ್ ಲ್ಯುಕೀಮಿಯಾ, ಅಂದರೆ ಬಹಳ ಬೇಗ ಉಲ್ಬಣಿಸುವ ಒಂದು ರಕ್ತದ ಕ್ಯಾನ್ಸರ್. ಕೀಮೋ ಆಗಿದೆ, ಇನ್ನು ಸ್ಟೆಮ್ ಸೆಲ್ ಕಸಿ ಮಾಡಬೇಕು ಅಂತ ಡಾಕ್ಟರ್ ಹೇಳಿದ್ದಾರೆ. "ಒಡಹುಟ್ಟಿದವರು ನಾವು ಮೂರೂ ಜನ ಟೆಸ್ಟ್ ಮಾಡಿಸಿದ್ವಿ. ನಮ್ಮದೂ ಅವನದ್ದೂ ಒಂದೇ ಬ್ಲಡ್ ಗ್ರೂಪು, ಓ ಪಾಸಿಟಿವ್. ಆದರೂ ಯಾರದ್ದೂ ಮ್ಯಾಚ್ ಆಗಿಲ್ಲ ಅಂತಾರೆ. ಅದು ಹೇಗೆ ಸಾಧ್ಯ ಸಾರ್?"

ನಾವು ಇಲ್ಲಿ ಜರ್ಮನಿಯ ಲ್ಯಾಬಿನಲ್ಲಿ ದಿನಾ ನೋಡೋದು ಇವೇ ಜೀವಕೋಶಗಳನ್ನ. ಆದರೂ ಎರಡು ಸಾಲಿನಲ್ಲಿ ಉತ್ತರ ಬರೆಯೋಣ ಅಂತ ಕೂತರೆ ಆಗಲಿಲ್ಲ. ಹಾಗಾಗಿ ಒಂದು ಇಡೀ ಸಂಚಿಕೆ. ಮೊದಲೇ ಹೇಳಿಬಿಡ್ತೀವಿ, ನಾವು ಸಂಶೋಧಕರು, ವೈದ್ಯರಲ್ಲ. ಚಿಕಿತ್ಸೆಯ ತೀರ್ಮಾನ ಅವರ ಡಾಕ್ಟರದ್ದೇ.

ನಮ್ಮ ಮೂಳೆಯ ಒಳಗಿನ ಮೆದು ಭಾಗ, ಅಸ್ಥಿಮಜ್ಜೆ, ದಿನಕ್ಕೆ ಸುಮಾರು 20,000 ಕೋಟಿ ಕೆಂಪು ರಕ್ತಕಣಗಳನ್ನು ತಯಾರಿಸುತ್ತೆ. ಸೆಕೆಂಡಿಗೆ 20 ಲಕ್ಷಕ್ಕೂ ಹೆಚ್ಚು. ಇಷ್ಟೆಲ್ಲ ಎಲ್ಲಿಂದ ಬರುತ್ತೆ? ಉತ್ತರ ಸಿಕ್ಕಿದ ಕತೆ ನಮಗೆ ಬಹಳ ಇಷ್ಟ. ಕೆನಡಾದ ಟೊರಾಂಟೋದಲ್ಲಿ ಜೇಮ್ಸ್ ಟಿಲ್ ಅನ್ನುವ ಭೌತವಿಜ್ಞಾನಿ, ಅರ್ನೆಸ್ಟ್ ಮೆಕಲಕ್ ಅನ್ನುವ ವೈದ್ಯ ಸೇರಿ ಇಲಿಗಳ ಮೇಲೆ ವಿಕಿರಣದ ಪರಿಣಾಮ ಅಳೀತಿದ್ದರು. ವಿಕಿರಣದಿಂದ ಇಲಿಯ ಮಜ್ಜೆಯನ್ನು ಪೂರ್ತಿ ನಾಶ ಮಾಡಿ, ಬೇರೆ ಇಲಿಯ ಮಜ್ಜೆಯ ಕೋಶಗಳನ್ನು ಅದಕ್ಕೆ ಚುಚ್ಚೋದು, ಎಷ್ಟು ಕೋಶ ಕೊಟ್ಟರೆ ಬದುಕುತ್ತೆ ಅಂತ ನೋಡೋದು. ಒಂದು ಭಾನುವಾರ ಮೆಕಲಕ್ ಲ್ಯಾಬಿಗೆ ಬಂದು ಇಲಿಗಳ ಗುಲ್ಮವನ್ನು ತೆಗೆದು ನೋಡ್ತಾರೆ, ಮೇಲೆಲ್ಲ ಸಣ್ಣ ಸಣ್ಣ ಗಂಟು. ಗಂಟುಗಳನ್ನು ಎಣಿಸಿ, ಎಷ್ಟು ಕೋಶ ಚುಚ್ಚಿದ್ದೆವು ಅನ್ನೋದರ ಎದುರಿಗೆ ಗ್ರಾಫ್ ಹಾಕಿದರೆ ನೆಟ್ಟಗೆ ಗೆರೆ. ಹೆಚ್ಚು ಕಡಿಮೆ 10,000 ಕೋಶಕ್ಕೆ ಒಂದು ಗಂಟು. 1961ರಲ್ಲಿ ಇದು ಅಚ್ಚಾಯಿತು. ಒಂದೊಂದು ಗಂಟೂ ಒಂದೇ ಒಂದು ಕೋಶದಿಂದ ಬೆಳೆದದ್ದು ಅಂತ 1963ರಲ್ಲಿ ತೋರಿಸಿದರು. ರಕ್ತದ ಸ್ಟೆಮ್ ಸೆಲ್ ಅಂತ ನಾವು ಇವತ್ತು ಸಲೀಸಾಗಿ ಹೇಳೋದರ ಬೇರು ಅಲ್ಲಿದೆ. ಈಗಲೂ ನಮ್ಮ ಲ್ಯಾಬಿನಲ್ಲಿ ಹೊಸದಾಗಿ ಬಂದ ವಿದ್ಯಾರ್ಥಿಗಳಿಗೆ ಸಿಗುವ ಮೊದಲ ಕೆಲಸ ತಟ್ಟೆಯಲ್ಲಿ ಇಂಥ ಗಂಟುಗಳನ್ನು ಎಣಿಸೋದೇ. ಕತ್ತು ನೋಯುತ್ತೆ, ಅದು ಬೇರೆ ವಿಷಯ.

ಹಾಲಿಗೆ ಹಾಕುವ ಹೆಪ್ಪು ಇದೆಯಲ್ಲ, ಸ್ಟೆಮ್ ಸೆಲ್ ಅಂದರೆ ಅದರ ಹಾಗೆ. ಒಂದು ಚಮಚ ಸಾಕು, ಇಡೀ ಪಾತ್ರೆ ಮೊಸರಾಗುತ್ತೆ, ಮಾರನೇ ದಿನಕ್ಕೂ ಹೆಪ್ಪು ಉಳಿದಿರುತ್ತೆ. ಲ್ಯುಕೀಮಿಯಾದಲ್ಲಿ ಹೆಪ್ಪೇ ಕೆಟ್ಟಿರುತ್ತೆ. ಬಲಿಯದ, ಕೆಲಸಕ್ಕೆ ಬಾರದ ಕೋಶಗಳು ಮಜ್ಜೆಯ ತುಂಬ ತುಂಬಿಕೊಂಡು ಒಳ್ಳೆಯ ಕಣಗಳಿಗೆ ಜಾಗವೇ ಇರೋದಿಲ್ಲ. ಆದ್ದರಿಂದ ಮೊದಲು ಪಾತ್ರೆ ಖಾಲಿ ಮಾಡಬೇಕು. ಜೋರಾದ ಕೀಮೋ, ಕೆಲವೊಮ್ಮೆ ವಿಕಿರಣವೂ ಸೇರಿ, ರೋಗಿಯ ಮಜ್ಜೆಯನ್ನು ಅಳಿಸಿಹಾಕ್ತಾರೆ. ಆಮೇಲೆ ದಾನಿಯ ಕೋಶಗಳನ್ನು ಕೊಡೋದು. ಇದು ಆಪರೇಷನ್ ಅಲ್ಲ. ರಕ್ತ ಕೊಡುವ ಹಾಗೆಯೇ ಒಂದು ಚೀಲ ತೂಗುಹಾಕಿ ನಾಳಕ್ಕೆ ಬಿಡ್ತಾರೆ, ಅಷ್ಟೇ. ಮೂಳೆಯ ದಾರಿಯನ್ನು ಕೋಶಗಳೇ ಹುಡುಕಿಕೊಂಡು ಹೋಗ್ತವೆ. ಸಾಮಾನ್ಯವಾಗಿ ಎರಡು ಮೂರು ವಾರದಲ್ಲಿ ಹೊಸ ಬಿಳಿ ರಕ್ತಕಣ ಕಾಣಿಸಿಕೊಳ್ಳುತ್ತೆ.

ಈಗ ಬ್ಲಡ್ ಗ್ರೂಪಿನ ವಿಷಯ. ಸ್ಟೆಮ್ ಸೆಲ್ ಕಸಿಗೆ ಬ್ಲಡ್ ಗ್ರೂಪ್ ಒಂದೇ ಇರಬೇಕಾಗಿಲ್ಲ. ಎ ಗ್ರೂಪಿನ ರೋಗಿ ಬಿ ಗ್ರೂಪಿನವರಿಂದ ಪಡೆದರೆ, ಕೆಲವು ತಿಂಗಳಲ್ಲಿ ಅವರ ಗ್ರೂಪೇ ಬಿ ಆಗುತ್ತೆ. ಹೊಂದಬೇಕಾದ್ದು ಎಚ್‌ಎಲ್‌ಎ ಅನ್ನುವ ಬೇರೆಯೇ ಗುರುತು. ನಮ್ಮ ಹೆಚ್ಚುಕಡಿಮೆ ಎಲ್ಲ ಕೋಶಗಳ ಮೇಲೂ ಈ ಪ್ರೋಟೀನುಗಳಿರ್ತವೆ. ರೋಗನಿರೋಧಕ ಟಿ ಕೋಶಗಳು ಇವನ್ನು ಮುಟ್ಟಿ ನೋಡಿ ನಮ್ಮವರೋ ಹೊರಗಿನವರೋ ಅಂತ ತೀರ್ಮಾನ ಮಾಡ್ತವೆ. ಹೊರಗಿನವರು ಅನ್ನಿಸಿದರೆ ಜಗಳ. ಅದೂ ಎರಡೂ ಕಡೆಯಿಂದ: ರೋಗಿಯ ದೇಹ ದಾನಿಯ ಕೋಶವನ್ನು ತಳ್ಳಿಹಾಕಬಹುದು, ಇಲ್ಲವೇ ದಾನಿಯ ಟಿ ಕೋಶಗಳು ರೋಗಿಯ ಚರ್ಮ, ಕರುಳು, ಯಕೃತ್ತಿನ ಮೇಲೆ ಬೀಳಬಹುದು.

ಎಬಿಒ ಪದ್ಧತಿಯಲ್ಲಿ ನಾಲ್ಕೇ ಗುಂಪು. ಎಚ್‌ಎಲ್‌ಎ ವಂಶವಾಹಿಗಳಲ್ಲಿ ಇಲ್ಲಿಯವರೆಗೆ 30,000ಕ್ಕೂ ಹೆಚ್ಚು ರೂಪಗಳು ಪತ್ತೆಯಾಗಿವೆ. ಆದರೆ ಅವೆಲ್ಲ 6ನೇ ಕ್ರೋಮೋಸೋಮಿನ ಮೇಲೆ ಒತ್ತೊತ್ತಾಗಿ ಇರೋದರಿಂದ ಒಂದು ಗಂಟಾಗಿಯೇ ಮಕ್ಕಳಿಗೆ ಬರ್ತವೆ. ಅಮ್ಮನ ಹತ್ತಿರ ಎರಡು ಗಂಟು, ಅಪ್ಪನ ಹತ್ತಿರ ಎರಡು. ಮಗುವಿಗೆ ಇಬ್ಬರಿಂದಲೂ ಒಂದೊಂದು. ಹೀಗೆ ನಾಲ್ಕು ಥರದ ಜೋಡಿ ಸಾಧ್ಯ. ಆದ್ದರಿಂದ ಒಡಹುಟ್ಟಿದವರು ಪೂರ್ತಿ ಹೊಂದುವ ಸಾಧ್ಯತೆ ನಾಲ್ಕರಲ್ಲಿ ಒಂದು. ಮೂವರಲ್ಲಿ ಒಬ್ಬರೂ ಹೊಂದದೇ ಇರುವ ಸಾಧ್ಯತೆ ಎಷ್ಟು? ಮುಕ್ಕಾಲನ್ನು ಮೂರು ಸಲ ಗುಣಿಸಿ: 64ರಲ್ಲಿ 27. ಅಂದರೆ ಸುಮಾರು 42%. ಮಸ್ಕತ್‌ನ ಅಣ್ಣನ ಮನೆಯಲ್ಲಿ ಆದದ್ದು ಅಪರೂಪವೇನಲ್ಲ.

ನಮ್ಮ ಕಡೆಯವರಿಗೆ ಇಲ್ಲೊಂದು ಮಾತು ಸೇರಿಸಬೇಕು. ಸೋದರಮಾವನನ್ನೋ ಅತ್ತೆಯ ಮಗನನ್ನೋ ಮದುವೆಯಾಗುವ ರೂಢಿ ಇರುವ ಮನೆಗಳಲ್ಲಿ ಅಪ್ಪ ಅಮ್ಮ ಇಬ್ಬರ ಹತ್ತಿರವೂ ಒಂದೇ ಗಂಟು ಇರಬಹುದು. ಅಂಥ ಮನೆಗಳಲ್ಲಿ ಅಪ್ಪನೋ, ಅಮ್ಮನೋ, ದೊಡ್ಡಪ್ಪನ ಮಗಳೋ ಪೂರ್ತಿ ಹೊಂದುವುದುಂಟು. ಇಂಥ ಸಂಬಂಧ ಇದ್ದರೆ ಡಾಕ್ಟರಿಗೆ ತಪ್ಪದೇ ಹೇಳಿ. ಮುಜುಗರ ಪಟ್ಟುಕೊಂಡು ಮುಚ್ಚಿಡುವ ವಿಷಯ ಅಲ್ಲ ಇದು.

ಮನೆಯಲ್ಲಿ ಸಿಗದಿದ್ದರೆ ಹೊರಗೆ ಹುಡುಕಬೇಕು. ಪ್ರಪಂಚದ ನೋಂದಣಿಗಳಲ್ಲಿ ಒಟ್ಟು 4 ಕೋಟಿಗೂ ಹೆಚ್ಚು ದಾನಿಗಳಿದ್ದಾರೆ. ಜರ್ಮನಿಯಲ್ಲಿ ಡಿಕೆಎಂಎಸ್ ಸಂಸ್ಥೆ ಟ್ಯೂಬಿಂಗೆನ್‌ನಲ್ಲಿ ಶುರುವಾದಾಗ, 1991ರಲ್ಲಿ, ಇಡೀ ದೇಶದಲ್ಲಿ ಇದ್ದದ್ದು ಸುಮಾರು 3,000 ಹೆಸರು. ಈಗ ಎಂಟು ಕೋಟಿ ಚಿಲ್ಲರೆ ಜನರಲ್ಲಿ ಹೆಚ್ಚುಕಡಿಮೆ 1 ಕೋಟಿ ಜನ ನೋಂದಾಯಿಸಿದ್ದಾರೆ. ಭಾರತದಲ್ಲಿ ಚೆನ್ನೈನ ದಾತ್ರಿ, ಬೆಂಗಳೂರಿನ ಡಿಕೆಎಂಎಸ್ ಫೌಂಡೇಶನ್ ಇಂಡಿಯಾ ಕೆಲಸ ಮಾಡ್ತಿದ್ದರೂ ನಮ್ಮ ಜನಸಂಖ್ಯೆಗೆ ಆ ಪಟ್ಟಿ ಬಹಳ ಸಣ್ಣದು. ಎಚ್‌ಎಲ್‌ಎ ಗಂಟುಗಳು ವಂಶದ ಜೊತೆ ಬರೋದರಿಂದ ನಮ್ಮ ರೋಗಿಗೆ ಹೊಂದುವ ಜರ್ಮನ್ ದಾನಿ ಸಿಗೋದು ಅಪರೂಪ. ಅದರ ಮೇಲೆ ನಮ್ಮಲ್ಲಿ ತಲೆತಲಾಂತರದಿಂದ ಜಾತಿಯೊಳಗೇ ಮದುವೆ, ಹಾಗಾಗಿ ಭಾರತದೊಳಗೂ ಒಂದು ಗುಂಪಿನ ಗಂಟುಗಳು ಇನ್ನೊಂದರಲ್ಲಿ ಕಡಿಮೆ. ಅಮೆರಿಕದ ಎನ್‌ಎಂಡಿಪಿ ನೋಂದಣಿಯ ಅಂದಾಜಿನಲ್ಲಿ ಬಿಳಿಯರಿಗೆ ಪೂರ್ಣ ಹೊಂದಾಣಿಕೆಯ ದಾನಿ ಸಿಗುವ ಸಾಧ್ಯತೆ 79%, ಏಷ್ಯಾ ಮೂಲದವರಿಗೆ 47%. ಇದು ಜೀವಶಾಸ್ತ್ರದ ಕಾರಣ ಮಾತ್ರ ಅಲ್ಲ. ಪಟ್ಟಿಯಲ್ಲಿ ನಾವು ಇಲ್ಲ ಅನ್ನೋದೂ ಕಾರಣ.

ಹಾಗಂತ ಎಲ್ಲರೂ ಈಗಲೇ ಹೆಸರು ಕೊಡಿ ಅಂತ ನಾವು ಹೇಳೋದಿಲ್ಲ. ನಮ್ಮಲ್ಲೊಬ್ಬರು ಕಿಟ್ ತರಿಸಿಕೊಂಡು ಆರು ವಾರ ಡ್ರಾಯರಿನಲ್ಲಿ ಇಟ್ಟಿದ್ದರು. ಮಾಡಬೇಕಾದ್ದು ಕೆನ್ನೆಯ ಒಳಗೆ ಹತ್ತಿಯ ಕಡ್ಡಿ ಸವರೋದು, ಅಷ್ಟೇ. ತಡೆದದ್ದು ಊರಿಗೆ ಮಾಡಿದ ಒಂದು ಫೋನು: "ಬೆನ್ನುಮೂಳೆಗೆ ಚುಚ್ಚಿಸ್ಕೊತೀಯಾ? ಇನ್ನೂ ಮದುವೆ ಆಗಿಲ್ಲ, ಸುಮ್ನಿರು." ಬೆನ್ನುಮೂಳೆಯನ್ನು ಯಾರೂ ಮುಟ್ಟೋದಿಲ್ಲ. ಬಹುಪಾಲು ದಾನಗಳಲ್ಲಿ ನಾಲ್ಕೈದು ದಿನ ಜಿ-ಸಿಎಸ್‌ಎಫ್ ಅನ್ನುವ ಇಂಜೆಕ್ಷನ್ ಕೊಟ್ಟು, ಸ್ಟೆಮ್ ಸೆಲ್‌ಗಳು ಮೂಳೆಯಿಂದ ರಕ್ತಕ್ಕೆ ಇಳಿಯುವ ಹಾಗೆ ಮಾಡಿ, ತೋಳಿನಿಂದ ಯಂತ್ರದ ಮೂಲಕ ಸೋಸಿಕೊಳ್ತಾರೆ. ನಾಲ್ಕೈದು ಗಂಟೆ ಹಿಡಿಯುತ್ತೆ. ಮೈಕೈ ನೋವು, ತಲೆನೋವು ಬರೋದು ನಿಜ. ಉಳಿದವರಿಗೆ ಅರಿವಳಿಕೆ ಕೊಟ್ಟು ಸೊಂಟದ ಹಿಂಭಾಗದ ಮೂಳೆಯಿಂದ ತೆಗೀತಾರೆ.

ನಮಗೆ ಭಯ ಇರೋದು ಬೇರೆ ಕಡೆ. ಸಾಮಾನ್ಯವಾಗಿ ಕಸಿಗೆ ಸುಮಾರು ಒಂದು ವಾರ ಮೊದಲು ರೋಗಿಯ ಮಜ್ಜೆ ಅಳಿಸುವ ಕೀಮೋ ಶುರುವಾಗುತ್ತೆ. ಅಲ್ಲಿಂದ ಅವರಿಗೆ ವಾಪಸ್ ಬರುವ ದಾರಿ ಇಲ್ಲ. ಆ ಹೊತ್ತಿಗೆ ದಾನಿ, "ಮನೆಯಲ್ಲಿ ಬೇಡ ಅಂತಾರೆ," ಅಂದರೆ? ಹಿಂದೆ ಸರಿಯುವ ಹಕ್ಕು ದಾನಿಗೆ ಕೊನೆಯ ಗಳಿಗೆವರೆಗೂ ಇದೆ, ಇರಲೇಬೇಕು. ಆದರೆ ಆಗ ಸರಿದರೆ ಆ ಕಡೆಯ ಜೀವ ಉಳಿಯೋದು ಬಹಳ ಕಷ್ಟ. ಆದ್ದರಿಂದ ಕಡ್ಡಿ ಸವರುವ ಮೊದಲೇ ಅಪ್ಪ, ಅಮ್ಮ, ಹೆಂಡತಿ, ಗಂಡ ಎಲ್ಲರ ಹತ್ತಿರ ಜಗಳ ಆಡಿ ಮುಗಿಸಿ. ಮನಸ್ಸು ಅಳ್ಳಾಡ್ತಿದ್ದರೆ ನೋಂದಾಯಿಸಬೇಡಿ. ಇದರಲ್ಲಿ ನಾವು ಸ್ವಲ್ಪ ಕಠಿಣ ಅನ್ನಿಸಬಹುದು, ಅನ್ನಿಸಲಿ.

ಇನ್ನು ಮಸ್ಕತ್‌ನ ಅಣ್ಣನಿಗೆ ಒಂದು ದಾರಿ. ಪೂರ್ತಿ ಹೊಂದದ ಒಡಹುಟ್ಟಿದವರಲ್ಲಿ ಬಹಳ ಜನ ಅರ್ಧ ಹೊಂದಿರ್ತಾರೆ, ಎರಡು ಗಂಟಿನಲ್ಲಿ ಒಂದು. ಮೊದಲು ಇಂಥ ಕಸಿ ತುಂಬಾ ಅಪಾಯದ್ದಾಗಿತ್ತು. ಬಾಲ್ಟಿಮೋರ್‌ನ ಜಾನ್ಸ್ ಹಾಪ್ಕಿನ್ಸ್ ತಂಡ ಒಂದು ಉಪಾಯ ರೂಢಿಗೆ ತಂದಿತು. ಕಸಿಯಾದ ಮೂರನೇ ಮತ್ತು ನಾಲ್ಕನೇ ದಿನ ಸೈಕ್ಲೋಫಾಸ್ಫಮೈಡ್ ಕೊಡೋದು. ಅಷ್ಟೊತ್ತಿಗೆ ಜಗಳಕ್ಕೆ ನಿಂತ ಟಿ ಕೋಶಗಳು ಭರದಿಂದ ವಿಭಜನೆ ಆಗ್ತಿರ್ತವೆ, ಔಷಧಿ ಅವನ್ನೇ ಹೆಚ್ಚಾಗಿ ಕೊಲ್ಲುತ್ತೆ. ಈ ಔಷಧಿಯನ್ನು ನಿಷ್ಕ್ರಿಯ ಮಾಡುವ ಕಿಣ್ವ ಸ್ಟೆಮ್ ಸೆಲ್‌ನಲ್ಲಿ ಹೇರಳವಾಗಿ ಇರೋದರಿಂದ ಅದು ಪಾರಾಗುತ್ತೆ. 1950ರ ದಶಕದ ಹಳೇ ಔಷಧಿ, ದುಬಾರಿಯೂ ಅಲ್ಲ. ಭಾರತದಲ್ಲಿ ಅರ್ಧ ಹೊಂದಾಣಿಕೆಯ ಕಸಿ ಸಾಧ್ಯವಾಗಿರೋದಕ್ಕೆ ಇದೂ ಒಂದು ಕಾರಣ.

ಅರ್ಧ ಅಂದ ಕೂಡಲೇ ಕಳಪೆ ಅಂದುಕೋಬೇಡಿ. ತದ್ರೂಪಿ ಅವಳಿಯಿಂದ ಪಡೆದ ರೋಗಿಗಳಲ್ಲಿ ಲ್ಯುಕೀಮಿಯಾ ಮರುಕಳಿಸೋದು ಹೆಚ್ಚು ಅಂತ ಬಹಳ ಹಿಂದೆಯೇ ಗೊತ್ತಾಗಿದೆ. ದಾನಿಯ ಟಿ ಕೋಶಗಳು ಉಳಿದ ಕ್ಯಾನ್ಸರ್ ಕೋಶಗಳನ್ನೂ ಪರಕೀಯ ಅಂತ ಹುಡುಕಿ ಕೊಲ್ತವೆ. ಅವಳಿಯ ಕೋಶಕ್ಕೆ ಆ ವ್ಯತ್ಯಾಸವೇ ಕಾಣಿಸೋದಿಲ್ಲ. ಜಗಳ ಸ್ವಲ್ಪ ಬೇಕು, ಜಾಸ್ತಿ ಆಗಬಾರದು. ನಮ್ಮ ಕ್ಷೇತ್ರದ ಅರ್ಧ ಸಂಶೋಧನೆ ಈ ಒಂದು ವಾಕ್ಯದ ಸುತ್ತಲೇ ಸುತ್ತುತ್ತಿದೆ. ಸೋಂಕು, ದಾನಿ ಕೋಶಗಳ ದಾಳಿ, ಕಾಯಿಲೆ ಮರಳೋದು, ಈ ಮೂರೂ ಅಪಾಯ ಇವತ್ತಿಗೂ ಇವೆ.

ಈ ಸಂಚಿಕೆ ಬರೆಯುತ್ತಿದ್ದಾಗ ಮಸ್ಕತ್‌ನಿಂದ ಇನ್ನೊಂದು ಮೆಸೇಜ್ ಬಂತು. ಅಕ್ಕ ಮತ್ತು ಅವರು, ಇಬ್ಬರೂ ಅರ್ಧ ಮ್ಯಾಚ್ ಅಂತೆ. ವಯಸ್ಸು, ಆರೋಗ್ಯ ಎಲ್ಲ ನೋಡಿ ಅವರನ್ನೇ ಆರಿಸಿದ್ದಾರೆ. ಬೆಂಗಳೂರಿಗೆ ಟಿಕೆಟ್ ಆಗಿದೆ. ಕೇಳಿದ್ದು ಒಂದೇ ಪ್ರಶ್ನೆ: "ಇಂಜೆಕ್ಷನ್ ತಗೊಳ್ಳೋ ದಿನಗಳಲ್ಲಿ ಆಸ್ಪತ್ರೆಗೆ ನಾನೇ ಗಾಡಿ ಓಡಿಸ್ಕೊಂಡು ಹೋಗಬಹುದಾ ಸಾರ್?" ಅದನ್ನು ಆಸ್ಪತ್ರೆಯವರನ್ನೇ ಕೇಳಿ ಅಂದಿದ್ದೀವಿ. ಆದರೆ ಕೋಶ ತೆಗೆಯುವ ದಿನ ಮಾತ್ರ ಜೊತೆಗೆ ಯಾರನ್ನಾದರೂ ಕರಕೊಂಡು ಹೋಗಿ, ವಾಪಸ್ ಬರುವಾಗ ಅವರೇ ಓಡಿಸಲಿ.