ದಾನಕ್ಕೆ ಮುನ್ನ ಅಂಕಿ-ಅಂಶ

ಹುಟ್ಟಿದ ನಾಡಿಗೆ ಕೈಲಾದದ್ದನ್ನು ಮಾಡಬೇಕೆಂಬ ಆಸೆ ಅಮೆರಿಕದಲ್ಲಿ ನೆಲೆಸಿರುವ ನಮ್ಮೆಲ್ಲರಲ್ಲೂ ಇದೆ. ಅದರಲ್ಲೂ ಆರೋಗ್ಯದ ಕೆಲಸವೆಂದರೆ ಯಾರೂ ಹಿಂದೆಮುಂದೆ ನೋಡುವುದಿಲ್ಲ. ಆದರೆ ಯಾವ ಜಿಲ್ಲೆಗೆ, ಯಾವ ತೊಂದರೆಗೆ ಎಂದು ತೀರ್ಮಾನಿಸುವಾಗ ನಮ್ಮ ಊರು, ಪರಿಚಯದ ಡಾಕ್ಟರು, ರಜೆಗೆ ಹೋದಾಗ ಕಣ್ಣಿಗೆ ಬಿದ್ದದ್ದು ಇಷ್ಟನ್ನೇ ನೆಚ್ಚಿಕೊಳ್ಳುತ್ತೇವೆ. ಇದರಲ್ಲಿ ತಪ್ಪೇನೂ ಇಲ್ಲ, ಆದರೆ ಇಷ್ಟು ಸಾಲದು. ಭಾರತ ಸರ್ಕಾರ ಸಂಗ್ರಹಿಸಿದ ಆರೋಗ್ಯದ ಅಂಕಿ-ಅಂಶಗಳು ಅಂತರ್ಜಾಲದಲ್ಲಿ ಉಚಿತವಾಗಿ ಸಿಗುತ್ತವೆ. ಚೆಕ್ ಬರೆಯುವ ಮುನ್ನ ಅವನ್ನು ಹುಡುಕಿ ಓದುವುದು ಹೇಗೆಂದು ಇಲ್ಲಿ ಹೇಳಲು ಪ್ರಯತ್ನಿಸಿದ್ದೇವೆ.

ಮೊದಲು ನೋಡಬೇಕಾದದ್ದು ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ, ಅಂದರೆ ಎನ್.ಎಫ್.ಎಚ್.ಎಸ್. ಕೇಂದ್ರ ಆರೋಗ್ಯ ಸಚಿವಾಲಯದ ಪರವಾಗಿ ಮುಂಬೈನ ಅಂತಾರಾಷ್ಟ್ರೀಯ ಜನಸಂಖ್ಯಾ ವಿಜ್ಞಾನ ಸಂಸ್ಥೆ ಇದನ್ನು ನಡೆಸುತ್ತದೆ. ಮೊದಲ ಸುತ್ತು ನಡೆದದ್ದು 1992-93ರಲ್ಲಿ, ಐದನೆಯದು 2019-21ರಲ್ಲಿ. ಐದನೆಯ ಸುತ್ತಿನಲ್ಲಿ ಕರ್ನಾಟಕದ ಸುಮಾರು 26,500 ಮನೆಗಳಿಗೆ ಹೋಗಿ ಮಾಹಿತಿ ಪಡೆದರು. ಆ ಕೆಲಸ 2019ರ ಜುಲೈನಿಂದ ಡಿಸೆಂಬರ್‌ವರೆಗೆ ನಡೆದದ್ದರಿಂದ ಇದು ಕೋವಿಡ್‌ಗೆ ಹಿಂದಿನ ಚಿತ್ರ ಎಂಬುದನ್ನು ಮರೆಯಬಾರದು. ಇಂಗ್ಲಿಷಿನಲ್ಲಿ 'ಎನ್.ಎಫ್.ಎಚ್.ಎಸ್.-5', ಜಿಲ್ಲೆಯ ಹೆಸರು, 'ಫ್ಯಾಕ್ಟ್ ಶೀಟ್' ಎಂದು ಹುಡುಕಿದರೆ ಪ್ರತಿ ಜಿಲ್ಲೆಗೂ ಕೆಲವೇ ಪುಟಗಳ ಹಾಳೆ ಸಿಗುತ್ತದೆ. ಹಿಂದಿನ ಸುತ್ತಿನ ಅಂಕಿಯೂ ಪಕ್ಕದಲ್ಲೇ ಇರುತ್ತದೆ.

ಇದರಿಂದ ಏನು ತಿಳಿಯುತ್ತದೆ? ಕರ್ನಾಟಕದ ಹಾಳೆಯನ್ನೇ ನೋಡೋಣ. 2015-16ರ ಸುತ್ತಿನಲ್ಲಿ ಶೇ. 94ರಷ್ಟಿದ್ದ ಆಸ್ಪತ್ರೆ ಹೆರಿಗೆ ಐದನೆಯ ಸುತ್ತಿಗೆ ಶೇ. 97ಕ್ಕೆ ಏರಿತು. ಆದರೆ ಅದೇ ಅವಧಿಯಲ್ಲಿ 15ರಿಂದ 49 ವರ್ಷದ ಮಹಿಳೆಯರಲ್ಲಿ ರಕ್ತಹೀನತೆ ಶೇ. 44.8ರಿಂದ 47.8ಕ್ಕೂ, ಐದು ವರ್ಷದೊಳಗಿನ ಮಕ್ಕಳಲ್ಲಿ ಶೇ. 60.9ರಿಂದ 65.5ಕ್ಕೂ ಹೆಚ್ಚಿತು. ಹೆರಿಗೆ ಎಲ್ಲಿ ಆಯಿತೆಂದು ಮೊದಲ ಅಂಕಿ ಹೇಳುತ್ತದೆ, ಆರೈಕೆ ಹೇಗಿತ್ತೆಂದು ಹೇಳುವುದಿಲ್ಲ. ಆದರೂ ಹೆರಿಗೆ ವಾರ್ಡಿನ ಹೊಸ ಕಟ್ಟಡಕ್ಕೆ ಹಣ ಕೇಳಿ ಮನವಿ ಬಂದರೆ, ಆ ಜಿಲ್ಲೆಯಲ್ಲಿ ನಿಜವಾಗಿ ಕೊರತೆ ಇರುವುದು ಕಟ್ಟಡಕ್ಕೋ, ತಾಯಿ-ಮಗುವಿನ ಊಟಕ್ಕೂ ಕಬ್ಬಿಣದ ಮಾತ್ರೆಗೂ ಎಂದು ಕೇಳುವ ಧೈರ್ಯ ನಮಗೆ ಬರುತ್ತದೆ. ಕಟ್ಟಡದ ಮೇಲೆ ಹೆಸರು ಕೆತ್ತಿಸಬಹುದು, ಮಾತ್ರೆಯ ಮೇಲೆ ಆಗದು!

ಎರಡನೆಯ ಮಾತು: ರಾಜ್ಯದ ಸರಾಸರಿಯನ್ನು ನಂಬಿ ಕೂರಬಾರದು. ಐದು ವರ್ಷದೊಳಗಿನ ಮಕ್ಕಳಲ್ಲಿ ವಯಸ್ಸಿಗೆ ತಕ್ಕ ಎತ್ತರ ಬೆಳೆಯದವರು ಕರ್ನಾಟಕದಲ್ಲಿ ಶೇ. 35.4. ಯಾದಗಿರಿ ಜಿಲ್ಲೆಯಲ್ಲಿ ಅಂತಹ ಮಕ್ಕಳು ಅರ್ಧಕ್ಕಿಂತ ಹೆಚ್ಚು. ನಮ್ಮಲ್ಲಿ ಎಷ್ಟು ಜನರಿಗೆ ಯಾದಗಿರಿಯಲ್ಲಿ ನೆಂಟರಿದ್ದಾರೆ? ನೆಂಟರಿಲ್ಲದ ಊರಿನ ಕಷ್ಟವನ್ನು ನಮಗೆ ತಿಳಿಸುವವು ಈ ಹಾಳೆಗಳೇ.

ಹುಡುಕುವಾಗ ಕೆಲವು ಎಚ್ಚರಿಕೆಗಳು. 2021ರಲ್ಲಿ ಬಳ್ಳಾರಿಯಿಂದ ಬೇರೆಯಾದ ವಿಜಯನಗರ ಜಿಲ್ಲೆಗೆ ಐದನೆಯ ಸುತ್ತಿನಲ್ಲಿ ಪ್ರತ್ಯೇಕ ಹಾಳೆ ಇಲ್ಲ. ಹೊಸಪೇಟೆಯವರು ಬಳ್ಳಾರಿಯನ್ನೇ ನೋಡಬೇಕು. ಕಲಬುರಗಿ, ಬೆಳಗಾವಿ, ವಿಜಯಪುರ ಮುಂತಾದ ಹೆಸರುಗಳು 2014ರಲ್ಲಿ ಬದಲಾದವು. ಆದ್ದರಿಂದ ಗುಲ್ಬರ್ಗ, ಬೆಳಗಾಂ, ಬಿಜಾಪುರ ಎಂಬ ಹಳೆಯ ಹೆಸರುಗಳಲ್ಲೂ ಹುಡುಕಿ. ಹಾಳೆಯಲ್ಲಿ ಅಂಕಿಯ ಸುತ್ತ ಕಂಸವಿದ್ದರೆ ಅದು 25ರಿಂದ 49 ಜನರ ಮಾಹಿತಿಯಿಂದ ಮಾತ್ರ ಬಂದದ್ದು, ಜಾಗ್ರತೆಯಿಂದ ಬಳಸಬೇಕು. ಅಂಕಿಯ ಬದಲು ನಕ್ಷತ್ರ ಚಿಹ್ನೆ ಇದ್ದರೆ 25 ಜನರೂ ಸಿಕ್ಕಿಲ್ಲವೆಂದು ಅರ್ಥ.

ಒಂದೇ ವಿಷಯಕ್ಕೆ ಎರಡು ಅಂಕಿ ಕಂಡರೆ ಗಾಬರಿಯಾಗಬೇಡಿ. ಸಾವಿರ ಜನನಕ್ಕೆ ಒಂದು ವರ್ಷ ತುಂಬುವ ಮೊದಲೇ ತೀರಿಕೊಳ್ಳುವ ಶಿಶುಗಳು ಕರ್ನಾಟಕದಲ್ಲಿ ಎಷ್ಟು? ಮೇಲಿನ ಸಮೀಕ್ಷೆ 25.4 ಎನ್ನುತ್ತದೆ. ಭಾರತದ ರಿಜಿಸ್ಟ್ರಾರ್ ಜನರಲ್ ಕಚೇರಿಯ ಮಾದರಿ ನೋಂದಣಿ ವ್ಯವಸ್ಥೆ, ಅಂದರೆ ಎಸ್.ಆರ್.ಎಸ್., 2020ಕ್ಕೆ 19 ಎನ್ನುತ್ತದೆ. ಮೊದಲನೆಯದು ತಾಯಂದಿರನ್ನು ಕೇಳಿ, ಸಮೀಕ್ಷೆಗೆ ಹಿಂದಿನ ಐದು ವರ್ಷಗಳಿಗೆ ಹಾಕಿದ ಲೆಕ್ಕ. ಎರಡನೆಯದು ಆಯ್ದ ಹಳ್ಳಿ, ಬಡಾವಣೆಗಳ ಜನನ-ಮರಣಗಳನ್ನು ನಿರಂತರವಾಗಿ ಬರೆದಿಟ್ಟು ತೆಗೆದ ಒಂದು ವರ್ಷದ ಲೆಕ್ಕ. ಒಂದರ ಅಂಕಿಯನ್ನು ಇನ್ನೊಂದರ ಪಕ್ಕದಲ್ಲಿಟ್ಟು 'ಶಿಶು ಮರಣ ಇಳಿಯಿತು' ಎಂದು ಯಾರಾದರೂ ತೋರಿಸಿದರೆ ಒಪ್ಪಬಾರದು. ಎಸ್.ಆರ್.ಎಸ್. ಜಿಲ್ಲಾವಾರು ಅಂಕಿ ಕೊಡುವುದಿಲ್ಲ ಎಂಬುದೂ ನೆನಪಿರಲಿ.

ಮೂರನೆಯ ಆಕರ ಎಚ್.ಎಂ.ಐ.ಎಸ್. ಎಂಬ, 2008ರಲ್ಲಿ ಆರಂಭವಾದ ಕೇಂದ್ರ ಸರ್ಕಾರದ ತಾಣ. ಎಷ್ಟು ಹೆರಿಗೆ, ಎಷ್ಟು ಲಸಿಕೆ ಎಂದು ಆರೋಗ್ಯ ಕೇಂದ್ರಗಳು ಕಳುಹಿಸುವ ತಿಂಗಳ ವರದಿಗಳು ಇದರಲ್ಲಿ ಸೇರುತ್ತವೆ. ಇದು ಸಮೀಕ್ಷೆಗಿಂತ ಹೊಸದು. ಆದರೆ ಆಸ್ಪತ್ರೆಯ ಮೆಟ್ಟಿಲನ್ನೇ ಹತ್ತದ ಬಡವಿಯ ಲೆಕ್ಕ ಇದರಲ್ಲಿ ಬಿಟ್ಟುಹೋಗಿರಬಹುದು.

ಒಟ್ಟಿನಲ್ಲಿ ಯಾವ ಅಂಕಿ ಕಂಡರೂ ಮೂರು ಪ್ರಶ್ನೆ ಕೇಳೋಣ: ಇದು ಯಾರ ಲೆಕ್ಕ? ಹೇಗೆ ಎಣಿಸಿದರು? ಯಾವ ವರ್ಷದ್ದು? ನಂತರ ಆ ಊರಿನ ಆಶಾ ಕಾರ್ಯಕರ್ತೆಯನ್ನೋ ಅಂಗನವಾಡಿ ಶಿಕ್ಷಕಿಯನ್ನೋ ಫೋನಿನಲ್ಲಿ ವಿಚಾರಿಸೋಣ. ಅಂಕಿ ದಾರಿ ತೋರಿಸಬಲ್ಲದು, ಬಾಗಿಲು ತೆರೆದು ಒಳಗೆ ಕರೆಯುವವರು ಅವರೇ.

ಮುಂದಿನ ವಾರ್ಷಿಕ ಸಭೆಗೆ ಬರುವಾಗ ನಿಮ್ಮ ಜಿಲ್ಲೆಯ ಹಾಳೆಯನ್ನು ಮುದ್ರಿಸಿ ತನ್ನಿ. ಜೊತೆಗೆ ನಿಮ್ಮದಲ್ಲದ ಒಂದು ಜಿಲ್ಲೆಯದನ್ನೂ ತನ್ನಿ. ಎರಡನ್ನೂ ಪಕ್ಕಪಕ್ಕದಲ್ಲಿಟ್ಟು, ಹಣ ಎಲ್ಲಿಗೆ ಹೋಗಬೇಕೆಂದು ಒಟ್ಟಿಗೆ ಕುಳಿತು ನಿರ್ಧರಿಸೋಣ.